ತೀರ್ಥ ಕುಡಿದ ಸಮುದ್ರ

ನಮ್ಮ ಮನೆಯಲ್ಲಿ ಇರುವವರು ಮೂರು ಜನ. ನಾನು, ನಮ್ಮ ಯಜಮಾನರು, ನಮ್ಮ ಅತ್ತೆ. ಅತ್ತೆಯ ಬಾಯಲ್ಲಿ ಉಳಿದಿರುವುದು ನಾಲ್ಕೇ ಹಲ್ಲು, ಆ ನಾಲ್ಕಕ್ಕೂ ಇವತ್ತಿಗೂ ಬೇವಿನ ಕಡ್ಡಿಯೇ. ಹಾಗಿದ್ದ ಮೇಲೆ ಬಚ್ಚಲ ಗೂಡಿನಲ್ಲಿ ಮೂರು ಬ್ರಶ್ ಯಾಕೆ ಎಂದು ಮನೆಗೆ ಬಂದ ನೆಂಟರು ಕೇಳುತ್ತಾರೆ. ಕೇಳದವರು ಮನಸ್ಸಿನಲ್ಲೇ ಏನೋ ಅಂದುಕೊಂಡು ಕೈ ತೊಳೆದು ಬರುತ್ತಾರೆ. ಹಸಿರು ಹಿಡಿಯ, ಕೂದಲೆಲ್ಲ ಒಂದೇ ಕಡೆ ಬಾಗಿದ ಆ ಮೂರನೆಯ ಬ್ರಶ್ಶು ಸಮುದ್ರದ್ದು. ಹಾಗೆಂದು ಹೇಳಿದರೆ ನೆಂಟರು ನನ್ನ ಮುಖವನ್ನು ಇನ್ನೊಮ್ಮೆ ನೋಡುತ್ತಾರೆ. ಅದಕ್ಕೆ ಇವತ್ತು ಕೂತು ಪೂರ್ತಿ ಹೇಳಿಬಿಡುತ್ತೇನೆ.

ನಾನು ಸಮುದ್ರ ಕಂಡವಳಲ್ಲ. ನಾರಾಯಣಖೇಡಿನಲ್ಲಿ ಹುಟ್ಟಿ ಜಹೀರಾಬಾದಿಗೆ ಸೊಸೆಯಾಗಿ ಬಂದವಳು. ನಾನು ಕಂಡ ಅತಿ ದೊಡ್ಡ ನೀರೆಂದರೆ ಮಳೆಗಾಲದ ಮಂಜೀರಾ, ಅದೂ ಬಸ್ಸಿನ ಕಿಟಕಿಯಿಂದ. ಪಾಚಿ ಮಾತ್ರ ನನಗೆ ಹಳೆಯ ಗುರುತು. ತವರಿನ ಓಣಿಯ ತುದಿಗೆ ಮೆಟ್ಟಿಲ ಬಾವಿಯೊಂದಿತ್ತು. ಕೆಳಗಿನ ನಾಲ್ಕು ಮೆಟ್ಟಿಲು ವರ್ಷಪೂರ್ತಿ ಹಸಿರು. ಎಂಟು ವರ್ಷದವಳಿದ್ದಾಗ ಹಿತ್ತಾಳೆ ಕೊಡದ ಸಮೇತ ಅಲ್ಲಿಂದ ಜಾರಿ ನೀರಿಗೆ ಬಿದ್ದಿದ್ದೆ. ಯಾರೋ ಜಡೆ ಹಿಡಿದು ಎಳೆದರು. ಮನೆಗೆ ಬಂದಾಗ ನಮ್ಮವ್ವ ನನ್ನನ್ನು ಒಂದು ಸುತ್ತು, ಕೊಡವನ್ನು ಎರಡು ಸುತ್ತು ತಿರುಗಿಸಿ ನೋಡಿದಳು. ಕೊಡ ನೆಗ್ಗಿತ್ತು. ನಾನು ನೆಗ್ಗಿರಲಿಲ್ಲ. ಬೈಸಿಕೊಂಡದ್ದು ನಾನೇ. ಬದುಕಿ ಬಂದೆನಲ್ಲ, ಅದೇ ದೇವರ ದಯೆ ಎಂದು ಅವತ್ತೇ ಲೆಕ್ಕ ಹಿಡಿಯಲು ಕಲಿತೆ. ಪಾಚಿಯೊಂದಿಗೆ ನನ್ನ ಋಣ ಅಲ್ಲಿಗೆ ತೀರಿತು ಅಂದುಕೊಂಡಿದ್ದೆ.

ತೀರಿರಲಿಲ್ಲ. ನಮ್ಮ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಹಲ್ಲಿನ ಡಾಕ್ಟರಮ್ಮ ನಸೀಮಾಳ ದವಾಖಾನೆ ಇದೆ. ತಾಂಡೂರಿನ ಹುಡುಗಿ. ನಮ್ಮ ಹಾಲಿನ ನೆಲಕ್ಕೆ ಹಾಕಿದ ಕಲ್ಲೂ ತಾಂಡೂರಿನದೇ. ಎರಡೂ ತಂಪು, ಎರಡೂ ಗಟ್ಟಿ ಎಂದು ಅತ್ತೆ ಹೊಗಳುತ್ತಾರೆ. ಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳು ಹೊಸ್ತಿಲಲ್ಲೇ ಚೀರಾಡುತ್ತಿದ್ದವು. ಅವು ಸುಮ್ಮನಾಗಲಿ ಎಂದು ನಸೀಮಾ ಕಾಯುವ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಇಟ್ಟಳು. ಹಿಟ್ಟಿನ ಡಬ್ಬಿ ಎರಡು ಪಕ್ಕಪಕ್ಕ ಇಟ್ಟಷ್ಟು ದೊಡ್ಡದು. ಸಾದಾ ನೀರಿನದಲ್ಲ, ಉಪ್ಪು ನೀರಿನದು. ಒಳಗೆ ತೂತು ತೂತಿನ ಕಲ್ಲು, ಬಿಳಿ ಮರಳು, ಎರಡು ಬಸವನ ಹುಳು, ಎರಡು ಮೀನು. ಆಕೆಗೂ ಅದು ಹೊಸ ವಿದ್ಯೆ. ಫೋನಿನಲ್ಲಿ ನೋಡಿ ನೋಡಿ ಕಲಿಯುತ್ತಿದ್ದಳು.

ಹೆರಿಗೆಗೆ ತಿಂಗಳಿದೆ ಅನ್ನುವಾಗ ನಸೀಮಾ ತಾಂಡೂರಿಗೆ ಹೊರಟಳು. ಹೆರಿಗೆ ಆಗಿ ನಲವತ್ತು ದಿನ ಮುಗಿಯುವ ತನಕ ತವರಿನ ಹೊಸ್ತಿಲು ದಾಟುವಂತಿಲ್ಲ. ದವಾಖಾನೆಗೆ ಬೀಗ. ತೊಟ್ಟಿ ಮಹಡಿಯ ನಮ್ಮ ಹಾಲಿಗೆ ಬಂತು, ದೇವರ ಕೋಣೆಯ ಬಾಗಿಲ ಪಕ್ಕದ ಕಿಟಕಿಗೆ. ಹೊರಡುವ ಮುಂಚೆ ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ಇವೆರಡೂ ಜೋಡಿ ಅವ. ಒಂದು ಹೋದ್ರ ಇನ್ನೊಂದು ಉಳಿಯಂಗಿಲ್ಲ. ನಿಮ್ಮ ಕೈಯಾಗ ಕೊಟ್ಟು ಹೊಂಟೀನಿ."

"ನೀ ಫಿಕರ್ ಮಾಡಬ್ಯಾಡ ತಂಗಿ. ಹೆಂಗ ಕೊಟ್ಟಿ ಹಂಗ ತಗೋ" ಎಂದೆ ನಾನು. ಆಡುವಾಗ ಮಾತು ಎಷ್ಟು ಸುಲಭ!

ಆಕೆ ಹೇಳಿಕೊಟ್ಟದ್ದು ಮೂರು ಸಂಗತಿ. ದಿನಕ್ಕೊಂದು ಚಿಟಿಕೆ ಮೀನಿನ ಕಾಳು. ತೊಟ್ಟಿಯ ದೀಪ ಮಧ್ಯಾಹ್ನದಿಂದ ಸಂಜೆ ತನಕ ಮಾತ್ರ. ನೀರು ಆರಿ ಕೆಳಗಿಳಿದರೆ ಕ್ಯಾನಿನ ನೀರು. ಆರಿ ಹೋಗುವುದು ಬರೀ ನೀರು, ಉಪ್ಪು ಒಳಗೇ ಉಳಿಯುತ್ತದೆ, ಹಾಗಾಗಿ ಮೇಲಿನಿಂದ ಹಾಕುವುದು ಏನೂ ಬೆರೆಯದ ನೀರಾಗಿರಬೇಕು. ದವಾಖಾನೆಯಲ್ಲಿ ಹಲ್ಲಿನ ಸಾಮಾನು ಬೇಯಿಸಲು ನೀರನ್ನು ಆವಿ ಮಾಡಿ ಇಳಿಸುವ ಮಷೀನು ಇದೆ. ಆ ನೀರು ನಾಲ್ಕು ಕ್ಯಾನು ತುಂಬಿಸಿಟ್ಟು, ಕೆಳಗಿನ ಬೀಗದ ಕೈಯನ್ನೂ ನನಗೇ ಕೊಟ್ಟು ಹೋದಳು.

ಅತ್ತೆ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತರು. ಮಂಡಿ ನೋವಿನವರು, ಎಲ್ಲಿಗೂ ಹೋಗುವಂತಿಲ್ಲ. ಒಂದು ಗಳಿಗೆ ಮೀನನ್ನೇ ದಿಟ್ಟಿಸಿ ನೋಡಿ ಕರೆದರು.

"ಸಂಗವ್ವ, ಬಾ ಇಲ್ಲಿ. ಇವು ನಮ್ಮೋರೇ ಅದಾವ ನೋಡು."

ಕಾವಿ ಬಣ್ಣದ ಮೈ. ಮೇಲೆ ಬೆಳ್ಳಗೆ ಮೂರು ಪಟ್ಟೆ. ಹಣೆಗೆ ಎಳೆದಂತೆ ಒಂದು, ನಡುವಿಗೆ ಒಂದು, ಬಾಲದ ಬುಡಕ್ಕೆ ಒಂದು. ಯಾರು ನೋಡಿದರೂ ವಿಭೂತಿ ಧರಿಸಿದ್ದಾವೆ ಎಂದೇ ಹೇಳಬೇಕು. ಅತ್ತೆ ದೊಡ್ಡದಕ್ಕೆ ಗೌಡ ಎಂದೂ ಸಣ್ಣದಕ್ಕೆ ಸಣ್ಣವ್ವ ಎಂದೂ ಹೆಸರಿಟ್ಟರು. ಗೌಡ ಮುಂದೆ, ಸಣ್ಣವ್ವ ಹಿಂದೆ. ಗೌಡ ಬಾಯಿ ಮಾಡಿದರೆ ಸಣ್ಣವ್ವ ಮೈ ನಡುಗಿಸುತ್ತಾಳೆ. "ಖರೇ ಸಂಸಾರ" ಎಂದರು ಅತ್ತೆ.

ವಿಭೂತಿ ಹಚ್ಚಿಕೊಂಡವರು ಮನೆಗೆ ಬಂದ ಮೇಲೆ ಚಿಟಿಕೆ ಕಾಳು ಹಾಕಿ ಕೂರುವ ಮನೆತನವೇ ನಮ್ಮದು? ಬಾಗಿಲಿಗೆ ಬಂದವರಿಗೆ ಉಂಡೆಯಾ ಎಂದು ಕೇಳದೆ ಮಾತಾಡಿಸಿದವರಲ್ಲ ನಾವು. ಬೆಳಿಗ್ಗೆ ನಾನು ಹಾಕುವೆ. ಮಧ್ಯಾಹ್ನ ಅತ್ತೆ ಹಾಕುವರು. ಸಂಜೆ ಶಾಲೆಯಿಂದ ಬಂದ ನಮ್ಮ ಯಜಮಾನರು, ಅವರು ಲೆಕ್ಕದ ಮಾಸ್ತರು, ಯಾರೂ ಹಾಕಿಲ್ಲ ಎಂಬ ಲೆಕ್ಕದಲ್ಲಿ ಒಂದು ಚಿಟಿಕೆ ಹಾಕುವರು. ದೀಪವಂತೂ ಬೆಳಗಿನ ಪೂಜೆಗೆ ಹಚ್ಚಿದ್ದು ರಾತ್ರಿ ಊಟದ ತನಕ. ಅತ್ತೆಗೆ ಮೀನು ಕಾಣಬೇಕಲ್ಲ.

ಇಷ್ಟೇ ಆಗಿದ್ದರೆ ಬಚಾವಾಗುತ್ತಿದ್ದೆವೋ ಏನೋ. ನಡುವೆ ಮಂಗಗಳು ಬಂದವು.

ಲಿಂಗಪೂಜೆಯ ನೀರನ್ನು ನಾವು ತೀರ್ಥವಾಗಿ ತೆಗೆದುಕೊಂಡು, ಉಳಿದದ್ದನ್ನು ಕಾಲು ತುಳಿಯದ ಜಾಗದಲ್ಲಿ ಚೆಲ್ಲುತ್ತೇವೆ. ಬಚ್ಚಲಿಗೆ ಹೋಗಬಾರದು, ಮೋರಿಗೆ ಹೋಗಬಾರದು. ಮಾಳಿಗೆ ಮೇಲಿನ ಬಿಲ್ವದ ಕುಂಡಕ್ಕೆ ಅದು ಸಲ್ಲುತ್ತಿತ್ತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಕುಂಡ ಮೂರು ಹೋಳು, ಗಿಡ ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ, ಅದರ ಪಕ್ಕದಲ್ಲಿ ಒಂದು ಮಂಗ ಮೈ ಕೆರೆದುಕೊಂಡು ಕೂತಿದೆ. ಅದೇ ವಾರ ನಸೀಮಾಳ ಕಡೆಯ ಕ್ಯಾನೂ ತೀರಿತು. ಬಿಸಿಲಿಗೆ ತೊಟ್ಟಿಯ ನೀರು ದಿನಕ್ಕೆ ಅರ್ಧ ಬೆರಳು ಇಳಿಯುತ್ತಿತ್ತು.

ಒಂದು ಕಡೆ ಹಾಕಲು ಜಾಗವಿಲ್ಲದ ಪವಿತ್ರ ನೀರು. ಇನ್ನೊಂದು ಕಡೆ ನೀರು ಬೇಡುವ, ಯಾರ ಕಾಲೂ ತಾಗದ, ವಿಭೂತಿ ಧರಿಸಿದ ಭಕ್ತರಿರುವ ತೊಟ್ಟಿ. ನನ್ನ ಬುದ್ಧಿಗೆ ನಾನೇ ಬೆರಗಾದೆ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಬೆಳ್ಳಿ ಬಟ್ಟಲಿನ ನೀರನ್ನು ಗಾಜಿನ ಮೂಲೆಯಿಂದ ಮೆಲ್ಲಗೆ ಬಿಡತೊಡಗಿದೆ. ಬೋರಿನ ನೀರು, ಅದರಲ್ಲಿ ವಿಭೂತಿ, ಗಂಧ, ಹೂವಿನೆಸಳು. ಸೋಮವಾರ ಹಾಲು, ಜೇನುತುಪ್ಪ. ಗೌಡ ಮೇಲೆ ಬಂದು ಬಾಯಿ ತೆರೆಯುತ್ತಿದ್ದ. "ತೀರ್ಥ ತಗೋತಾನ ನೋಡು" ಎಂದು ಅತ್ತೆ ಕೈ ಮುಗಿಯುತ್ತಿದ್ದರು.

ಎರಡನೆಯ ವಾರಕ್ಕೆ ಬಿಳಿ ಮರಳ ಮೇಲೆ ಚಹಾದ ಪುಡಿ ಚೆಲ್ಲಿದಂತೆ ಕಂದು ಬಣ್ಣ ಬಂತು. ಮೂರನೆಯ ವಾರಕ್ಕೆ ಗಾಜಿಗೆ ಹಸಿರು ಮಂಜು. ಆಮೇಲೆ ಕಲ್ಲಿಗೆ ಕೂದಲು ಬೆಳೆಯಿತು. ಕೂದಲೇ! ಹಸಿರು, ನುಣುಪು, ಬೆರಳುದ್ದ, ನೀರಿನ ಜೊತೆ ಓಲಾಡುವ ಕೂದಲು. ಬಸವನ ಹುಳುಗಳು ಮದುವೆ ಮನೆಗೆ ಬಂದ ದೂರದ ನೆಂಟರ ಹಾಗೆ ಗಾಜಿನ ಮೇಲೆ ಕೂತು ನೋಡುತ್ತಿದ್ದವೇ ಹೊರತು ಕೈ ಹಚ್ಚಲಿಲ್ಲ.

ನಮ್ಮ ಯಜಮಾನರು ಚಹಾ ಲೋಟ ಹಿಡಿದು ತೊಟ್ಟಿಯ ಮುಂದೆ ನಿಂತರು. "ಮಂದಿ ಮನಿ ಮುಂದ ತೋಟ ಮಾಡ್ತಾರ. ನೀ ಸಮುದ್ರದಾಗ ಮಾಡೀದಿ."

"ನಗಬ್ಯಾಡ್ರಿ. ಏನಾರ ಉಪಾಯ ಹೇಳ್ರಿ."

"ಕತ್ತರಿ ಕೊಡು, ಕಟಿಂಗ್ ಮಾಡ್ತೀನಿ."

ಅಷ್ಟರಲ್ಲಿ ತಾಂಡೂರಿನಿಂದ ಸುದ್ದಿ ಬಂತು, ಹೆಣ್ಣು ಮಗು, ಇಬ್ಬರೂ ಕ್ಷೇಮ. ನಾನು ದೇವರಿಗೆ ಸಕ್ಕರೆ ಇಟ್ಟೆ. ನಾಲ್ಕು ದಿನ ಬಿಟ್ಟು ನಸೀಮಾ ತಾನೇ ಫೋನ್ ಮಾಡಿದಳು. ಬಾಣಂತಿ ಫೋನ್ ಹಿಡಿದರೆ ಕಣ್ಣು ಹೋಗುತ್ತದೆ ಎಂದು ಆಕೆಯ ಅಮ್ಮಿ ಐದೇ ನಿಮಿಷ ಕೊಡುವುದಂತೆ. ಮಗುವಿನ ಮಾತು ಮುಗಿಸಿ ಕೇಳಿದಳು.

"ಅಕ್ಕಾ, ಮೀನು ಹೆಂಗ ಅದಾವ್ರಿ?"

"ಛಂದ ಅದಾವ. ಸ್ವಲ್ಪ ಹಸಿರು ಬಂದದ ನೋಡು ಕಲ್ಲಿಗೆ."

"ಹಸಿರಾ? ನೀರು ಯಾವ್ದು ಹಾಕಾಕತ್ತೀರಿ?"

"ನೀ ಹೇಳಿದ್ದೇ ತಂಗಿ. ಕ್ಯಾನಿಂದು."

ಹಣೆಯ ಮೇಲಿನ ವಿಭೂತಿ ಇನ್ನೂ ಆರಿರಲಿಲ್ಲ. ಕೊರಳಲ್ಲಿ ಲಿಂಗ. ಬಾಯಲ್ಲಿ ಸುಳ್ಳು. ಯಾಕೆ ಹೇಳಿದೆ? ಬೈಯುತ್ತಾಳೆಂಬ ಅಂಜಿಕೆ ಅಲ್ಲ, ಆಕೆ ಬೈಯುವವಳಲ್ಲ. ನಿನ್ನ ಮೀನಿಗೆ ನಿನ್ನನ್ನು ಕೇಳದೆ ನಮ್ಮ ದೇವರ ತೀರ್ಥ ಹಾಕಿದೆ ಎಂದು ಮುಸಲ್ಮಾನರ ಮನೆಯ ಬಾಣಂತಿಗೆ ಯಾವ ಬಾಯಿಂದ ಹೇಳಲಿ? ಒಂದು ವೇಳೆ ಹೇಳಿದರೂ, ತೀರ್ಥದಿಂದ ಕೆಟ್ಟಿತು ಎಂದು ನನ್ನ ಬಾಯಿಂದಲೇ ಹೊರಡಬೇಕಲ್ಲ! ದೇವರ ನೀರಿನಿಂದ ಕೇಡಾಯಿತೆಂದು ಒಪ್ಪಿಕೊಳ್ಳುವುದು ಹೇಗೆ? ಎರಡೂ ಕಡೆಯಿಂದ ಸಿಕ್ಕಿಕೊಂಡೆ. ಮರುದಿನವೂ ಬೆಳ್ಳಿ ಬಟ್ಟಲು ತೊಟ್ಟಿಗೇ ಬಗ್ಗಿತು.

ಆರು ದಿನ ಕಳೆದಿರಬೇಕು. ಬೆಳಿಗ್ಗೆ ದೀಪ ಹಚ್ಚಿದರೆ ಗೌಡನೊಬ್ಬನೇ. ಅವನೂ ನೀರಿನ ಮೇಲ್ಭಾಗದಲ್ಲಿ ಬಾಯಿ ಬಡಿಯುತ್ತ ನಿಂತಿದ್ದಾನೆ. ಸಣ್ಣವ್ವ ಎಲ್ಲೂ ಇಲ್ಲ. ಕಲ್ಲಿನ ಹಿಂದೆ, ಮರಳ ಮೇಲೆ, ಹಸಿರು ಕೂದಲ ಒಳಗೆ, ಎಲ್ಲೂ ಇಲ್ಲ.

"ಒಂದು ಹೋದ್ರ ಇನ್ನೊಂದು ಉಳಿಯಂಗಿಲ್ಲ" ಎಂದ ಮಾತು ಕಿವಿಯಲ್ಲಿ ಗುಂಯ್ ಎಂದಿತು. ನಾನು ನೆಲದ ಮೇಲೆ ಕೂತುಬಿಟ್ಟೆ. ಅತ್ತೆ ಮೇಲಿನಿಂದ ಬಗ್ಗಿ ಕೇಳಿದರು.

"ಯಾಕ ಕುಂತಿ?"

"ಸಣ್ಣವ್ವ ಇಲ್ರಿ ಅತ್ತಿ. ನಾನೇ ಕೊಂದೀನಿ ಕಾಣ್ತದ. ಮ್ಯಾಲ ಸುಳ್ಳ ಬ್ಯಾರೆ ಹೇಳೀನಿ."

ಅತ್ತೆ ಸುಳ್ಳಿನ ಸಂಗತಿಯನ್ನೆಲ್ಲ ಕೇಳಿಸಿಕೊಂಡರು. "ಫೋನ್ ಹಚ್ಚು" ಎಂದರು. ಅಷ್ಟೇ. ಅವರು ಎರಡು ಸಲ ಹೇಳುವ ಪೈಕಿ ಅಲ್ಲ.

ಮೊದಲು ಎತ್ತಿದ್ದು ಅಮ್ಮಿ. ಮಗಳು ಮಗುವಿಗೆ ಹಾಲು ಕೊಡುತ್ತಿದ್ದಾಳೆ, ಆಮೇಲೆ ಮಾಡಿ ಅಂದರು. ನನ್ನ ಧ್ವನಿ ಕೇಳಿ ಏನನ್ನಿಸಿತೋ, ಫೋನನ್ನು ಮಗಳ ಕಿವಿಗೇ ಹಿಡಿದರು.

"ನಸೀಮಾ, ನಾ ನಿನಗ ಸುಳ್ಳ ಹೇಳೀನಿ. ಕ್ಯಾನ್ ತೀರಿ ಭಾಳ ದಿನ ಆತು. ನಾ ಹಾಕಿದ್ದು ಪೂಜಿ ನೀರು."

ಆ ಕಡೆಯಿಂದ ಮಗು ಚೀಪುವ ಸಪ್ಪಳ ಕೇಳುತ್ತಿತ್ತು.

"ಪೂಜಿ ನೀರಂದ್ರ... ಏನೇನಿರ್ತದ್ರಿ ಅದ್ರಾಗ?"

ಹೇಳಿದೆ. ವಿಭೂತಿ, ಗಂಧ, ಹೂವು, ಸೋಮವಾರದ ಹಾಲು, ಜೇನುತುಪ್ಪ. ಮೂರು ಹೊತ್ತಿನ ಕಾಳನ್ನೂ ಇಡೀ ದಿನದ ದೀಪವನ್ನೂ ಹೇಳಿದೆ. ಒಮ್ಮೆ ಹೇಳಲು ಕೂತ ಮೇಲೆ ಅರ್ಧ ಯಾಕೆ?

"ಅಯ್ಯೋ ಅಕ್ಕಾ" ಎಂದಳು. ಅಳುತ್ತಾಳೋ ಎಂದು ನಾನು ಉಸಿರು ಹಿಡಿದರೆ, ಆಕೆ ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದು ನಗುವ ನಗು. "ನಗಿಸಬ್ಯಾಡ್ರಿ, ಹೊಲಿಗಿ ಅದಾವ" ಎಂದು ನಡುವೆ ನರಳಿದಳು. ಆಮೇಲೆ ಧ್ವನಿ ಇಳಿಸಿ ಪಿಸುಗುಟ್ಟಿದಳು. "ಅಕ್ಕಾ, ಅಮ್ಮಿಗೆ ಹೇಳಬ್ಯಾಡ್ರಿ. ತೊಟ್ಟಿ ತಂದ ಮೊದಲನೇ ದಿನ ನಾನೂ ಒಂದು ಮುಚ್ಚಳ ಹಜ್ಜಿಗೆ ಹೋದೋರು ತಂದ ಝಮ್‌ಝಮ್ ನೀರು ಹಾಕೀನಿ. ಬರಕತ್ ಆಗ್ಲಿ ಅಂತ."

ಎದೆಯ ಮೇಲಿನ ಕಲ್ಲೊಂದು ಎದ್ದು ಹೋಯಿತು. ಆಕೆ ಹೇಳಿದ್ದು ಇಷ್ಟು. ನೀರಿನಲ್ಲಿ ಮೀನಿಗೆ ಬೇಡದ ಸತ್ವ ಸೇರಿದೆ. ಬೂದಿ, ಹಾಲು, ಹೆಚ್ಚಾದ ಕಾಳು, ಬೋರಿನ ನೀರು, ಎಲ್ಲವೂ ಪಾಚಿಗೆ ಹೊಲದ ಗೊಬ್ಬರದಂತೆ. ಮೇಲೆ ಕಿಟಕಿಯ ಬಿಸಿಲು, ದಿನವಿಡೀ ದೀಪ. ಮದ್ದು ಗಿದ್ದು ಏನೂ ಹಾಕಬಾರದು. ಗೊಬ್ಬರ ನಿಲ್ಲಿಸಬೇಕು, ಬೆಳೆದದ್ದನ್ನು ಕೈಯಿಂದ ಕೀಳಬೇಕು, ವಾರಕ್ಕೊಮ್ಮೆ ಸ್ವಲ್ಪ ನೀರು ತೆಗೆದು ಹೊಸ ಉಪ್ಪು ನೀರು ಹಾಕಬೇಕು. ಕಾಯಬೇಕು.

"ಪಾಂಚ್ ಮಿನಿಟ್ ಹೋಗಯೇ!" ಐದು ನಿಮಿಷ ಆಯಿತೆಂದು ಅಮ್ಮಿಯ ಕೂಗು ಕೇಳಿಸಿತು. ಫೋನ್ ನಿಂತಿತು.

ಆದರೆ ನನ್ನೊಳಗಿನ ಇನ್ನೊಂದು ಮುಳ್ಳು ಹಾಗೇ ಇತ್ತು. ಅತ್ತೆಯ ಮುಂದೆ ಕೂತು ಕೇಳಿದೆ. "ಅಲ್ರಿ ಅತ್ತಿ, ದೇವರ ತೀರ್ಥದಿಂದ ಹಿಂಗ ಆತು ಅಂದ್ರ ನಾ ಹೆಂಗ ನಂಬ್ಲಿ?"

ಅತ್ತೆ ನಾಲ್ಕು ಹಲ್ಲಿನಲ್ಲಿ ಅಡಿಕೆ ಚೂರು ಹೊರಳಿಸಿದರು. "ಇಷ್ಟ ದಿನ ಆ ನೀರು ಎಲ್ಲಿ ಹಾಕ್ತಿದ್ದಿ?"

"ಗಿಡಕ್ಕ."

"ಗಿಡ ಏನ ಮಾಡ್ತಿತ್ತು?"

"ಬೆಳೀತಿತ್ತು."

"ಇಲ್ಲೂ ಬೆಳದದ. ನೀರು ತನ್ನ ಕೆಲಸ ತಾ ಮಾಡ್ಯಾದ. ಅದರ ಮ್ಯಾಲ ಯಾಕ ಹಾಕ್ತಿ? ನಿನಗ ಹಾಕೋ ಜಾಗಾ ಗೊತ್ತಾಗಲಿಲ್ಲ."

ಇಷ್ಟು ವರ್ಷ ಪೂಜೆ ಮಾಡಿ ನನಗೆ ಹೊಳೆಯದ್ದು, ಅಡಿಕೆ ಜಗಿಯುತ್ತ ಅವರಿಗೆ ಹೊಳೆದಿತ್ತು. ಎದ್ದು ಸೆರಗು ಸಿಕ್ಕಿಸಿದೆ.

ಮೊದಲು ಕೈ ತೊಳೆದು, ಹಸಿರು ಕೂದಲನ್ನು ಬೆರಳಿಗೆ ಸುತ್ತಿ ಸುತ್ತಿ ಕೀಳತೊಡಗಿದೆ. ಮೂರನೆಯ ಹಿಡಿ ಕಿತ್ತಾಗ ಕಲ್ಲಿನ ಸಂದಿಯಿಂದ ಎರಡು ಕಣ್ಣು ಕಂಡವು. ಸಣ್ಣವ್ವ! ಪಾಚಿಯ ಬಲೆಯಲ್ಲಿ ಸಿಕ್ಕಿ ಹಿಂದೆ ಮುಂದೆ ಹೋಗಲಾರದೆ ನಿಂತಿದ್ದಳು. ಕೂದಲು ಸರಿಸಿದ್ದೇ ತಡ, ಛಂಗನೆ ಹೊರಬಿದ್ದು ಗೌಡನ ಮಗ್ಗುಲಿಗೆ ಹೋಗಿ ಮೈ ನಡುಗಿಸಿದಳು. ಅತ್ತೆ ಕುರ್ಚಿಯಲ್ಲೇ ಚಪ್ಪಾಳೆ ತಟ್ಟಿದರು. ಅಂದಿನ ದಿನಕ್ಕೆ ಅಷ್ಟು ದಯೆ ಸಾಕಾಗಿತ್ತು, ಆದರೂ ಇನ್ನೊಂದು ಸಿಕ್ಕಿತು. ಕೆಳಗೆ ಹೋಗಿ ನೋಡಿದರೆ ಆ ಮಷೀನು ಇಡ್ಲಿ ಪಾತ್ರೆಗಿಂತ ಸುಲಭ. ನೀರು ಹಾಕಿ ಗುಂಡಿ ಒತ್ತಿದರೆ ತೊಟ್ಟು ತೊಟ್ಟಾಗಿ ಇಳಿಸುತ್ತದೆ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು, ಇಷ್ಟು ದಿನ!

ಅಲ್ಲಿಂದ ಒಂದು ತಿಂಗಳ ಯುದ್ಧ. ನಮ್ಮ ಹತ್ತಿರ ದೊಡ್ಡ ಆಯುಧಗಳಿರಲಿಲ್ಲ. ಕಿಟಕಿಗೆ ನನ್ನ ಹಳೆಯ ಸೀರೆ ಕಟ್ಟಿದೆ. ದೀಪಕ್ಕೆ ಹೊತ್ತು ಗೊತ್ತು ಮಾಡಿದೆ. ಕಾಳಿನ ಡಬ್ಬಿಯನ್ನು ಒಬ್ಬಳೇ ಇಟ್ಟುಕೊಂಡೆ. ಅದಕ್ಕೆ ಅತ್ತೆ ಎರಡು ದಿನ ನನ್ನೊಡನೆ ಮಾತು ಬಿಟ್ಟರು, ಮೂರನೆಯ ದಿನ ಬಾಯಿ ತೆರೆದರು.

"ಉಪವಾಸ ಕೆಡವಿದಿ ಅವನ್ನ. ಪಾಪ ಹತ್ತತದ."

"ನೀವೂ ಸೋಮವಾರ ಉಪವಾಸ ಮಾಡ್ತೀರಲ್ಲ, ನಿಮಗೇನಾಗ್ಯಾದ?"

"ನಾ ಸಾಬೂದಾಣಿ ತಿಂತೀನಿ!"

ದವಾಖಾನೆಯಿಂದ ಸಮುದ್ರದ ಉಪ್ಪಿನ ಚೀಲ ತಂದು ಬಕೆಟ್ಟಿನಲ್ಲಿ ಕಲಸಿದೆ. ಉಪ್ಪು ಅಳೆಯಲು ಗಾಜಿನ ಕಡ್ಡಿ ಇದೆ. ನಾನು ಅದನ್ನು ಬಿಟ್ಟು ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದೆ, ಸಾರಿನ ಅಭ್ಯಾಸ. ಇಡೀ ಮಧ್ಯಾಹ್ನ ಬಾಯಿ ಮುಕ್ಕಳಿಸಿದೆ. ಸಮುದ್ರ ನೋಡದಿದ್ದರೂ ಅದರ ರುಚಿ ಕಂಡಾಯಿತು.

ಕೀಳುವ ಕೆಲಸ ಮಾತ್ರ ನನ್ನದೇ ವಿದ್ಯೆ. ನಾರಾಯಣಖೇಡಿನಲ್ಲಿ ನಮ್ಮ ಅಪ್ಪ ಬೇಳೆಕಾಳಿನ ದಲಾಲಿ ಮಾಡುತ್ತಿದ್ದರು. ಮನೆಯ ತುಂಬ ತೊಗರಿಯ ಧೂಳು. ಮಧ್ಯಾಹ್ನ ಅವ್ವ ಮೊರ ಹಿಡಿದು ಕೂತರೆ ಎದುರಿಗೆ ನಾನು ಕೂರಬೇಕು. ಹರಳು, ಹುಳುಕು, ಕಡ್ಡಿ, ಒಂದೊಂದನ್ನೇ ಆರಿಸಿ ಬೇಳೆ ಹಸನು ಮಾಡಬೇಕು. "ಇಡೀ ಮೊರ ನೋಡಬ್ಯಾಡ, ಕಣ್ಣು ಸೋಲ್ತದ. ಅಂಗೈಯಷ್ಟು ಜಾಗಾ ನೋಡು" ಎನ್ನುತ್ತಿದ್ದಳು. ಒಮ್ಮೆ ನಾನು ಬೇಸತ್ತು ಹರಳನ್ನೆಲ್ಲ ಬೇಳೆಯ ಅಡಿಗೆ ತಳ್ಳಿ ಹಸನಾಯಿತು ಎಂದೆ. ಅವತ್ತು ಊಟದಲ್ಲಿ ಕಟಕ್ ಎಂದು ಕಚ್ಚಿದ್ದು ನನ್ನ ಹಲ್ಲೇ. ತೊಟ್ಟಿಯ ಮುಂದೆ ಅವ್ವ ಹೇಳಿದ ಹಾಗೆಯೇ ಕೂತೆ. ಒಂದು ದಿನಕ್ಕೆ ಅಂಗೈಯಷ್ಟು ಕಲ್ಲು. ಬೆರಳಿಗೆ ಬಾರದ್ದನ್ನು ಬ್ರಶ್ಶಿನಿಂದ ತಿಕ್ಕುವುದು. ಉದುರಿದ್ದನ್ನು ಸಣ್ಣ ಪೈಪಿನಿಂದ ನೀರಿನ ಸಮೇತ ಎಳೆದು ಹಾಕುವುದು. ಮರುದಿನ ಪಕ್ಕದ ಅಂಗೈ.

ಮೊದಲ ವಾರ ಏನೂ ಆಗಲಿಲ್ಲ. ಕಿತ್ತ ಜಾಗದಲ್ಲಿ ಮತ್ತೆ ಬಂತು. ಎರಡನೆಯ ವಾರ ನಾನು ಕಿತ್ತಷ್ಟೇ ಅದು ಬೆಳೆಯಿತು, ಸಮಸಮ. "ಡ್ರಾ ಆತು ಮ್ಯಾಚು" ಎಂದರು ನಮ್ಮ ಯಜಮಾನರು. ಪಾಚಿಯನ್ನು ಬಯ್ಯುತ್ತಲೇ ಅವರು ಒಂದು ಉಪಕಾರ ಮಾಡಿದರು. ಕಿಟಕಿಯ ಹೊರಗೆ ಕಬ್ಬಿಣದ ಜಾಲರಿ ಹಾಕಿಸಿ ಒಳಗೊಂದು ಹೊಸ ಬಿಲ್ವದ ಕುಂಡ ಇಟ್ಟರು. ಗಿಡ ಜೈಲಿನಲ್ಲಿ, ಮಂಗಗಳು ಹೊರಗೆ. ಪೂಜೆಯ ನೀರಿಗೆ ಅದರ ಜಾಗ ಸಿಕ್ಕಿತು. ಒಂದು ಸೋಮವಾರ ಝರಾಸಂಗಮದ ದೇವಸ್ಥಾನಕ್ಕೆ ಹೋದವಳು ಕೆಂಪು ಬಸ್ಸಿನಲ್ಲಿ ಕೂತು, ಪಕ್ಕದವಳಿಗೆ ಮಕ್ಕಳ ಸುದ್ದಿ ಹೇಳುವ ಬದಲು ಪಾಚಿಯ ಸುದ್ದಿ ಹೇಳಿದೆ. ಆಕೆ ಮುಂದಿನ ಸೀಟಿಗೆ ಎದ್ದು ಹೋದಳು.

ಮೂರನೆಯ ವಾರದ ಒಂದು ಬೆಳಿಗ್ಗೆ ಕಿತ್ತ ಜಾಗ ಕಿತ್ತ ಹಾಗೆಯೇ ಇತ್ತು. ನಾನು ಕಣ್ಣುಜ್ಜಿಕೊಂಡೆ. ಮರುದಿನವೂ ಹಾಗೆಯೇ. ಬಸವನ ಹುಳುಗಳಿಗೆ ಎಲ್ಲಿಂದಲೋ ಹುರುಪು ಬಂದು, ಗಾಜಿನ ಮೇಲೆ ದಾರಿ ಕೊರೆದಂತೆ ತಿನ್ನುತ್ತ ಹೊರಟವು. ಉದ್ದ ಕೂದಲು ಅವಕ್ಕೆ ಆಗುವುದಿಲ್ಲ, ಗಿಡ್ಡದ್ದಾದರೆ ಮೇಯುತ್ತವೆ ಎಂದು ಆಗ ತಿಳಿಯಿತು. ಮರಳು ಬೆಳ್ಳಗಾಯಿತು. ಕಲ್ಲಿನ ಮೇಲೆ ಅಲ್ಲಲ್ಲಿ ಕುಂಕುಮದ ಬೊಟ್ಟಿನ ಹಾಗೆ ನೇರಳೆ ಬಣ್ಣ ಮೂಡಿತು. ಅದು ಒಳ್ಳೆಯದು, ಮುಟ್ಟಬೇಡಿ ಎಂದು ತಾಂಡೂರಿನಿಂದ ಅಪ್ಪಣೆ ಬಂತು. ನಾನು ಗೆದ್ದಿದ್ದೆ! ಓಣಿಯ ಹೆಂಗಸರನ್ನೆಲ್ಲ ಚಹಾಕ್ಕೆ ಕರೆದು ತೋರಿಸಿದೆ. ಅವರು ಮೀನು ನೋಡಿದರು. ಪಾಚಿ ಇಲ್ಲದ್ದನ್ನು ಯಾರೂ ನೋಡಲಿಲ್ಲ. ಇಲ್ಲದ್ದನ್ನು ತೋರಿಸುವುದು ಬಲು ಕಷ್ಟದ ಕೆಲಸ.

ನಲವತ್ತು ದಿನ ಮುಗಿದು ನಸೀಮಾ ಬರುವ ದಿನ ಬಂತು. ಬೆಳಿಗ್ಗೆ ಪೂಜೆ ಮುಗಿಸಿ ಕಡೆಯ ಸಲ ಕಣ್ಣಾಡಿಸಿದೆ. ನಾನು ಎಲ್ಲಕ್ಕಿಂತ ಚೆನ್ನಾಗಿ ತಿಕ್ಕಿದ ಚಪ್ಪಟೆ ಕಲ್ಲಿನ ಮೇಲೆ, ಅಂಗೈಯ ಅರ್ಧದಷ್ಟು ಜಾಗದಲ್ಲಿ, ಕೇಸರಿ ಬಣ್ಣದ ಹೊಸ ಬೆಳೆ! ಸಾಸಿವೆ ಅಂಟಿಸಿದ ಹಾಗೆ ಒತ್ತೊತ್ತಾಗಿ. ಕಂದು ಆಯಿತು, ಹಸಿರು ಆಯಿತು, ಈಗ ಕೇಸರಿ ಪಾಚಿ. ಇವತ್ತೇ ಬರಬೇಕಿತ್ತೇ? ಆಕೆ ಆಗಲೇ ಬಸ್ಸಿಳಿದಿರಬೇಕು. ಬ್ರಶ್ ತೆಗೆದುಕೊಂಡು ಕೈ ಇಳಿಸಿದೆ.

ಗೌಡ ಕಚ್ಚಿದ. ಬೆರಳ ಗೆಣ್ಣಿಗೆ, ಚುರುಕ್ಕೆಂದು. ಇಷ್ಟು ದಿನದಲ್ಲಿ ಒಮ್ಮೆಯೂ ಹಾಗೆ ಮಾಡಿದವನಲ್ಲ. "ಸರಿ ಗೌಡ, ನಿನ್ನ ಮನೀನೇ ಹಸನು ಮಾಡಾಕತ್ತೀನಿ" ಎಂದು ಮತ್ತೆ ಬ್ರಶ್ ಒತ್ತಲು ಹೋದೆ. ಈ ಸಲ ಇಬ್ಬರೂ ಬಂದು ಕಚ್ಚಿದರು.

"ಕೈ ತಗೀ!" ಅತ್ತೆ ಕುರ್ಚಿಯಿಂದ ಅರ್ಧ ಎದ್ದಿದ್ದರು. ಆ ಮಂಡಿಯಲ್ಲಿ ಅಷ್ಟು ಬಲ ಎಲ್ಲಿತ್ತೋ. "ತಗೀ ಅಂದೆ! ಅದು ಪಾಚಿ ಅಲ್ಲ, ತತ್ತಿ!"

ಬ್ರಶ್ಶಿನ ಕೂದಲು ಕೇಸರಿ ಕಾಳಿನಂಥ ಮೊಟ್ಟೆಗಳಿಂದ ಒಂದು ಎಳೆಯಷ್ಟು ದೂರದಲ್ಲಿತ್ತು. ಕೈ ತೆಗೆದೆ. ಸಣ್ಣದು ಹೋಗಿ ಆ ಕಾಳುಗಳ ಮೇಲೆ ರೆಕ್ಕೆಯಿಂದ ಗಾಳಿ ಬೀಸತೊಡಗಿತು. ದೊಡ್ಡದು ದಣಿದ ಹೊಟ್ಟೆ ಹೊತ್ತು ಪಕ್ಕಕ್ಕೆ ಸರಿಯಿತು. ಅತ್ತೆ ಬಹಳ ಹೊತ್ತು ನೋಡಿದರು.

"ಸಂಗವ್ವ, ತಪ್ಪಾತು. ಇದು ಗೌಡ ಅಲ್ಲ, ಗೌಡಶಾನಿ. ಗಂಡ ಆ ಸಣ್ಣಾವ. ನೋಡು ಹೆಂಗ ಕುಂತು ಗಾಳಿ ಹಾಕಾಕತ್ತಾನ." ಹಾಗೆಂದು ಪೇಪರ್ ಓದುತ್ತಿದ್ದ ತಮ್ಮ ಮಗನ ಕಡೆ ತಿರುಗಿದರು. "ನೋಡಿ ಕಲಿ."

ಅಷ್ಟರಲ್ಲಿ ಕೆಳಗೆ ಆಟೋ ನಿಂತಿತು. ನಸೀಮಾ, ಆಕೆಯ ಗಂಡ, ತೊಟ್ಟಿ ಇಳಿಸಲು ಇಬ್ಬರು ಆಳು, ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗು. ಮಗುವನ್ನು ನನ್ನ ಮಡಿಲಿಗೆ ಹಾಕಿ ಆಕೆ ನೇರ ತೊಟ್ಟಿಯ ಮುಂದೆ ಮಂಡಿ ಊರಿದಳು. ಗಾಜು ನೋಡಿದಳು, ಮರಳು ನೋಡಿದಳು, ಒಂದು ಕೈ ಬಾಯಿಗೆ ಹೋಯಿತು.

"ಅಕ್ಕಾ! ಫೋನಿನಾಗ ಹೇಳಿಕೊಟ್ಟೋರ ತೊಟ್ಟೀನೂ ಇಷ್ಟ ಸಾಫ್ ಇರಲಿಲ್ಲ. ಹೆಂಗ ಮಾಡಿದ್ರಿ?"

"ತೀರ್ಥ ಬಂದ್ ಮಾಡಿದೆ" ಎಂದೆ. ಇಬ್ಬರೂ ನಕ್ಕೆವು. ಹೊಲಿಗೆ ಈಗ ಒಣಗಿತ್ತು. ನಾನು ಬೆರಳಿನಿಂದ ಚಪ್ಪಟೆ ಕಲ್ಲು ತೋರಿಸಿದೆ. ಆಕೆ ಮೂಗನ್ನು ಗಾಜಿಗೆ ಒತ್ತಿದಳು. ಕಣ್ಣು ತುಂಬಿ ಬಂದವು.

ಆಳುಗಳು ಒಳಗೆ ಬಂದು ತೊಟ್ಟಿಯ ಅಂಚಿಗೆ ಕೈ ಹಾಕಿದರು. ಅತ್ತೆ ಕೋಲು ಅಡ್ಡ ಹಿಡಿದರು. "ಮುಟ್ಟಬ್ಯಾಡ್ರಿ. ಬಾಣಂತಿ ಅದಾಳ ಒಳಗ. ಮರಿ ಆಗೋ ತನಕ ಅಲುಗಸಂಗಿಲ್ಲ."

ನಸೀಮಾಳ ಗಂಡ ಏನೋ ಹೇಳಹೊರಟ. "ಸುಮ್ನಿರ್ರಿ, ಆಯಿ ಹೇಳಿದ್ದು ಬರೋಬ್ಬರಿ ಅದ" ಎಂದಳು ನಸೀಮಾ. ನಲವತ್ತು ದಿನ ಮುಗಿಸಿ ಬಂದವಳಿಗೆ ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ. ಆಳುಗಳಿಗೆ ಚಹಾ ಕೊಟ್ಟು ಕಳಿಸಿದೆವು.

"ಅಕ್ಕಾ, ನಾ ನಿಮಗ ಎರಡು ಕೊಟ್ಟು ಹೋಗಿದ್ದೆ. ಈಗ ಎಷ್ಟು ವಾಪಸ್ ಕೊಡಾಕತ್ತೀರಿ?"

ನನಗೇನು ಗೊತ್ತು? ಲೆಕ್ಕದ ಮಾಸ್ತರರ ಕಡೆ ನೋಡಿದೆ. ಅವರು ಪೇಪರ್ ಮಡಿಸಿಟ್ಟು, ಕನ್ನಡಕ ಏರಿಸಿ, ಗಾಜಿನ ಹತ್ತಿರ ಬೆರಳು ಹಿಡಿದು, ತುಟಿ ಅಲ್ಲಾಡಿಸುತ್ತ ಎಣಿಸತೊಡಗಿದರು. ಮೂವರು ಹೆಂಗಸರೂ ಉಸಿರು ಬಿಗಿಹಿಡಿದು ಕಾದೆವು. ಐವತ್ತರ ಹತ್ತಿರ ಬಂದಿದ್ದರು, ಅಷ್ಟರಲ್ಲಿ ಸಣ್ಣ ಗಂಡುಮೀನು ಬಂದು ಅವರ ಬೆರಳಿನ ನೇರಕ್ಕೆ ಗಾಜಿಗೆ ಗುದ್ದಿತು. ಅವರು ಹೆದರಿ ಕೈ ಹಿಂದಕ್ಕೆ ಎಳೆದುಕೊಂಡರು, ನನ್ನ ಮಡಿಲ ಮಗು ಎಚ್ಚತ್ತು ಕಿರುಚಿತು, ಲೆಕ್ಕ ತಪ್ಪಿತು. ಅವರು ಕನ್ನಡಕ ಒರೆಸಿಕೊಂಡು ಮತ್ತೆ ಒಂದರಿಂದ ಶುರು ಮಾಡಿದರು.